ಅರ್ಥ್ ಸಿಗದ ಮಾರಿಸ್

ನನ್ನ 1951ರ ಮಾರಿಸ್ ಮೈನರ್ ಕಾರು ರೀಸ್ಟೋರ್ ಆಗಿ ಮನೆಗೆ ಬಂದ ದಿನ ಬೀದಿಯವರೆಲ್ಲ ನೋಡಲು ಬಂದಿದ್ದರು. ಎರಡು ತುಂಡಿನ ಮುಂದಿನ ಗಾಜು, 918 ಸಿಸಿ ಸೈಡ್ ವಾಲ್ವ್ ಎಂಜಿನ್, ಕನ್ನಡಿಯಂಥ ಪೇಂಟ್. ಬಾನೆಟ್ ಎತ್ತಿದರೆ ಒಳಗೂ ಅಷ್ಟೇ ಹೊಳಪು. ಅದೇ ಹೊಳಪು ಮುಂದೆ ಹಲವು ವಾರ ನನ್ನನ್ನು ಕಾಡಿತು.

ಮೊದಲ ಸಲ ನಿಂತಿದ್ದು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಎರಡನೇ ಗೇರಲ್ಲಿ ಏರುತ್ತಾ ಇದ್ದಾಗ ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ "ಆಟೋ ಕರೀಲಾ?" ಎಂದಳು. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಏನೂ ಆಗದಂತೆ ಸ್ಟಾರ್ಟ್ ಆಯಿತು.

ಈ ಕಾರಿನ ಪೆಟ್ರೋಲ್ ಪಂಪ್ ಬಗ್ಗೆ ಸ್ವಲ್ಪ ಹೇಳಬೇಕು. ಪದ್ಮಿನಿ ಕಾರಿನಲ್ಲಿ ಇರುವ ಹಾಗೆ ಎಂಜಿನ್ನೇ ಓಡಿಸುವ ಪಂಪ್ ಅಲ್ಲ ಇದು. ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್. ಬಾನೆಟ್ ಒಳಗೆ ಹಿಂದಿನ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ಡಿಕ್ಕಿ ಕೆಳಗಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಒಳಗೆ ಒಂದು ಕಾಯಿಲ್, ಪೆಟ್ರೋಲನ್ನು ಎಳೆದು ತಳ್ಳುವ ಪದರದಂಥ ಒಂದು ಡಯಾಫ್ರಮ್, ಕರೆಂಟ್ ಕೂಡಿಸಿ ಬಿಡಿಸುವ ಒಂದು ಜೊತೆ ಪಾಯಿಂಟ್ಸ್. ಕಾಯಿಲ್‌ಗೆ ಕರೆಂಟ್ ಬಂದರೆ ಡಯಾಫ್ರಮ್ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಕೊನೆಗೆ ಹೋದಾಗ ಪಾಯಿಂಟ್ಸ್ ಬಿಟ್ಟುಕೊಳ್ಳುತ್ತದೆ. ಆಗ ಸ್ಪ್ರಿಂಗ್ ಡಯಾಫ್ರಮನ್ನು ಮುಂದಕ್ಕೆ ತಳ್ಳಿ ಪೆಟ್ರೋಲನ್ನು, ಅದಕ್ಕೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ಗೆ ಕಳಿಸುತ್ತದೆ. ಆ ಸದ್ದೇ ಟಿಕ್ ಟಿಕ್.

ಈ ಟಿಕ್ ಟಿಕ್ ಕೇಳುವುದನ್ನು ಕಲಿತರೆ ಅರ್ಧ ಮೆಕ್ಯಾನಿಕ್ ಆದ ಹಾಗೆ. ಕೀ ಆನ್ ಮಾಡಿದ ತಕ್ಷಣ ಬೇಗ ಬೇಗ ಬಡಿದು, ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಲ್ಲಬೇಕು. ನಿಲ್ಲದೆ ಪಟಪಟ ಬಡಿಯುತ್ತಲೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಟ್ಯಾಂಕ್ ಕಡೆಯ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ. ಬಡಿತದ ಜೊತೆ ಪೆಟ್ರೋಲ್ ವಾಸನೆಯೂ ಬಂದರೆ ಕಾರ್ಬ್ಯುರೇಟರ್‌ನ ಪೆಟ್ರೋಲ್ ತಡೆಯುವ ನೀಡಲ್ ಮುಚ್ಚುತ್ತಿಲ್ಲ. ಸದ್ದೇ ಇಲ್ಲದಿದ್ದರೆ ಪಾಯಿಂಟ್ಸ್ ನೋಡಬೇಕು, ಇಲ್ಲವೇ ವೈರಿಂಗ್. ನನ್ನದರಲ್ಲಿ ಬೆಳಗ್ಗೆ ಸದ್ದು ಸರಿಯಾಗಿ ಬರುತ್ತಿತ್ತು. ಅರ್ಧ ಗಂಟೆ ಓಡಿಸಿದ ಮೇಲೆ ಟಿಕ್... ಟಿಕ್... ಎಂದು ಎಳೆಯುತ್ತಾ ನಿಂತೇ ಹೋಗುತ್ತಿತ್ತು. ಸ್ಪ್ಯಾನರ್ ಹಿಡಿಯಿಂದ ಮೆತ್ತಗೆ ತಟ್ಟಿದರೆ ಮತ್ತೆ ನಾಲ್ಕು ಸಲ ಬಡಿಯುತ್ತಿತ್ತು.

ಕೇಳಿದವರೆಲ್ಲ ಹೇಳಿದ್ದು ಒಂದೇ: ವೇಪರ್ ಲಾಕ್. ಬಿಸಿಗೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿದೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ. ಹಾಕಿದೆ. ಕೆಲಸ ಮಾಡಿತು! ಅದೇ ನನ್ನನ್ನು ದಾರಿ ತಪ್ಪಿಸಿದ್ದು. ಟ್ಯಾಂಕ್ ಇಳಿಸಿ ತೊಳೆದೆ. ಎಕ್ಸಾಸ್ಟ್ ಪಕ್ಕದ ಪೈಪಿಗೆ ಆಸ್ಬೆಸ್ಟಾಸ್ ಹಗ್ಗದ ಬದಲು ಫೈಬರ್‌ಗ್ಲಾಸ್ ತೋಳು ತೊಡಿಸಿದೆ. ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯೆಲ್ಲ ಸುತ್ತಿ ಹೊಸ ಡಯಾಫ್ರಮ್, ಪಾಯಿಂಟ್ಸ್ ತಂದು ಹಾಕಿದೆ. ಮುಂದಿನ ಭಾನುವಾರ ಅದೇ ತಿರುವಿನ ಹತ್ತಿರ ಮತ್ತೆ ನಿಂತಿತು.

ಮೀಟರ್ ಹಿಡಿದು ನೋಡಿರಲಿಲ್ಲವೇ ಅಂದರೆ, ನೋಡಿದ್ದೆ. ಪಂಪಿನ ವೈರ್ ಬಿಚ್ಚಿ ಅದರ ತುದಿಗೆ ಮಲ್ಟಿಮೀಟರ್ ಇಟ್ಟರೆ 12.4 ವೋಲ್ಟ್. ಬ್ಯಾಟರಿಯಲ್ಲಿ ಎಷ್ಟಿದೆಯೋ ಅಷ್ಟೇ. "ವೈರಿಂಗ್ ಸರಿ ಇದೆ" ಎಂದು ಪುಸ್ತಕದಲ್ಲಿ ಬರೆದುಕೊಂಡು ಅಡಿಗೆರೆ ಬೇರೆ ಎಳೆದಿದ್ದೆ.

ಆ ಅಡಿಗೆರೆಯನ್ನು ಅಳಿಸಿದವರು ನಮ್ಮ ಕಡೆಯ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್. ಡೈನಮೋ ಸುತ್ತುವುದರಲ್ಲಿ ಕೈ ಪಳಗಿದವರು. ಮೀಟರ್ ನೋಡಿ ನಕ್ಕರು. "ಇದು ಕರೆಂಟ್ ಕುಡಿಯೋದೇ ಇಲ್ಲ ಸಾರ್. ಕುಡಿಯೋದನ್ನ ಹಾಕಿ ನೋಡಿ."

"ಅಂದ್ರೆ ಏನು ಯಜಮಾನ್ರೇ?"

"ನಲ್ಲಿ ಮುಚ್ಚಿದ್ರೆ ಪ್ರೆಷರ್ ಪೂರ್ತಿ ಇರುತ್ತೆ. ಬಿಟ್ಟಾಗ ತಾನೇ ಪೈಪು ಕಟ್ಟಿರೋದು ಗೊತ್ತಾಗೋದು?"

ಒಂದು ಹಳೇ 45 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ ಎರಡು ವೈರ್ ಬೆಸೆದು ಕೊಟ್ಟರು. ಪಂಪ್ ಎಳೆಯುವಷ್ಟೇ, ಸುಮಾರು ಮೂರು ಮೂರೂವರೆ ಆಂಪಿಯರ್ ಎಳೆಯುತ್ತದೆ. ಪಂಪ್ ಇಟ್ಟುಕೊಂಡು ಅಳೆದರೆ ಪ್ರತಿ ಟಿಕ್‌ಗೂ ಮೀಟರಿನ ಅಂಕಿ ಕುಣಿಯುತ್ತದೆ, ಬಲ್ಬ್ ಆದರೆ ನಿಂತಲ್ಲೇ ನಿಲ್ಲುತ್ತದೆ. ಮೇಲಾಗಿ ಕಿಡಿ ಹಾರಬಹುದಾದ ಕೆಲಸ. ಮೊದಲು ಬ್ಯಾಟರಿ ಕೇಬಲ್ ತೆಗೆದು, ಬಲ್ಬಿನ ವೈರೆಲ್ಲ ಸಿಕ್ಕಿಸಿ, ಆಮೇಲೆ ಕೇಬಲ್ ಹಾಕಬೇಕು. ಕಾರು ಬಯಲಲ್ಲಿ ಇರಬೇಕು. ಪೆಟ್ರೋಲ್ ಪೈಪ್ ಯಾವುದೂ ಬಿಚ್ಚಿರಬಾರದು.

ಬಲ್ಬಿನ ಒಂದು ವೈರ್ ಪಂಪಿಗೆ ಬರುವ ಬಿಳಿ ವೈರಿಗೆ, ಇನ್ನೊಂದು ಪಂಪಿನ ಮೈಗೆ. ಕೀ ಆನ್ ಮಾಡಿದೆ. ಬಲ್ಬ್ ಹಳೇ ಲಾಟೀನಿನ ಹಾಗೆ ಹಳದಿಯಾಗಿ ಉರಿಯಿತು. ಎರಡೂ ತುದಿಯ ನಡುವೆ ಮೀಟರ್ ಇಟ್ಟರೆ 9.1 ವೋಲ್ಟ್. ಮೂರು ವೋಲ್ಟಿಗಿಂತ ಜಾಸ್ತಿ ದಾರಿಯಲ್ಲೇ ಮಾಯ.

ಎಲ್ಲಿ ಮಾಯವಾಯಿತು ಅಂತ ಹುಡುಕುವುದು ಈಗ ಸುಲಭ. ಬಲ್ಬ್ ಉರಿಯುತ್ತಿರುವಾಗಲೇ ದಾರಿಯ ಒಂದೊಂದು ತುಂಡಿನ ಎರಡು ತುದಿಗೂ ಮೀಟರ್ ಇಡಬೇಕು. ಒಳ್ಳೆಯ ವೈರ್ ಆದರೆ ಸೊನ್ನೆಯ ಹತ್ತಿರ ತೋರಿಸಬೇಕು. ನನ್ನ ಕಾರು ಹಳೇ ಇಂಗ್ಲಿಷ್ ಕಾರುಗಳ ಹಾಗೆ ಪಾಸಿಟಿವ್ ಅರ್ಥ್. ಅರ್ಥ್ ಅಂದರೆ ಒಂದು ಕಡೆಯ ವೈರಿನ ಬದಲು ಕಾರಿನ ಬಾಡಿಯೇ ಕರೆಂಟಿನ ದಾರಿ; ಇದರಲ್ಲಿ ಬ್ಯಾಟರಿಯ ಪ್ಲಸ್ ಆ ಬಾಡಿಗೆ ಹೋಗುತ್ತದೆ. ಮೊದಮೊದಲು ತಲೆ ತಿರುಗುತ್ತದೆ, ಅಭ್ಯಾಸವಾಗುತ್ತದೆ. ಬ್ಯಾಟರಿಯ ಮೈನಸ್‌ನಿಂದ ಬಿಳಿ ವೈರಿನ ತುದಿಯವರೆಗೆ 1.2 ವೋಲ್ಟ್ ನಷ್ಟ. ಪಂಪಿನ ಮೈಯಿಂದ ಬ್ಯಾಟರಿಯ ಪ್ಲಸ್‌ವರೆಗೆ 2.1. ಅಂದರೆ ದೊಡ್ಡ ಕಳ್ಳ ಅರ್ಥ್ ಕಡೆ ಕೂತಿದ್ದ.

ಕಾರಣ ಕಣ್ಣೆದುರಿಗೇ ಇತ್ತು. ಪೇಂಟ್ ಮಾಡುವಾಗ ಪಂಪ್ ಬಿಚ್ಚಿದ್ದರು. ಗೋಡೆಗೆ ಪ್ರೈಮರ್, ಪೇಂಟ್, ಲ್ಯಾಕರ್ ಎಲ್ಲ ಹೊಡೆದು, ಬ್ರ್ಯಾಕೆಟ್‌ಗೂ ಪೌಡರ್ ಕೋಟಿಂಗ್ ಮಾಡಿಸಿ, ವಾಪಸ್ ಕೂರಿಸಿದ್ದರು. ಪಂಪಿನ ಮೈಯಲ್ಲಿರುವ ಸ್ಕ್ರೂನಿಂದ ಬಾಡಿಗೆ ಹೋಗಬೇಕಾದ ಕಪ್ಪು ವೈರ್ ಹಾಕಲೇ ಇಲ್ಲ. ಕರೆಂಟ್ ಪಾಪ, ಬೋಲ್ಟಿನ ಮರೆಗಳ ಮೂಲಕ ಹೇಗೋ ನುಸುಳಿಕೊಂಡು ಹೋಗುತ್ತಿತ್ತು. ಪೇಂಟ್ ಚೆನ್ನಾಗಿರಲಿ ಅಂತ ಹಟ ಹಿಡಿದವನು ನಾನೇ ಅಲ್ವಾ, ಯಾರನ್ನು ಬೈಯಲಿ?

ಒದ್ದೆ ಬಟ್ಟೆ ಯಾಕೆ ಕೆಲಸ ಮಾಡುತ್ತಿತ್ತು ಅನ್ನುವುದೂ ಆಗ ಹೊಳೆಯಿತು. ತಾಮ್ರದ ತಂತಿ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್. ನಲವತ್ತು ಡಿಗ್ರಿ ಏರಿದರೆ ಕಾಯಿಲ್‌ಗೆ ಹೋಗುವ ಕರೆಂಟಿನಲ್ಲಿ ಏಳನೇ ಒಂದು ಪಾಲು ಕಡಿತ. ಪೂರ್ತಿ 12 ವೋಲ್ಟ್ ಇದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಒಂಬತ್ತರಲ್ಲಿ ಏದುಸಿರು ಬಿಡುತ್ತಿರುವ ಪಂಪಿಗೆ ಅಷ್ಟು ಸಾಕು, ಡಯಾಫ್ರಮ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಪಾಯಿಂಟ್ಸ್ ಬಿಟ್ಟುಕೊಳ್ಳದೆ ಕರೆಂಟ್ ಹರಿಯುತ್ತಲೇ ಇರುತ್ತದೆ, ಕಾಯಿಲ್ ಇನ್ನೂ ಕಾಯುತ್ತದೆ. ಒದ್ದೆ ಬಟ್ಟೆ ತಣ್ಣಗೆ ಮಾಡುತ್ತಿದ್ದದ್ದು ಪೆಟ್ರೋಲನ್ನಲ್ಲ, ಕಾಯಿಲನ್ನು.

ಬ್ರ್ಯಾಕೆಟ್ ಹಿಂದೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಪೇಂಟ್ ಕೆರೆದೆ. ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಉಪ್ಪುಕಾಗದದಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಹಲ್ಲಿರುವ ವಾಷರ್ ಹಾಕಿ, ಪಂಪಿನ ಸ್ಕ್ರೂನಿಂದ ಅಲ್ಲಿಗೆ ಹೊಸ ಕಪ್ಪು ವೈರ್ ಬಿಗಿದೆ. ತುಕ್ಕು ಹಿಡಿಯದಿರಲಿ ಅಂತ ಮೇಲೆ ವ್ಯಾಸಲೀನ್ ಸವರಿದೆ. 2.1 ಇದ್ದದ್ದು 0.1ಕ್ಕೆ ಬಂತು.

ಬಿಳಿ ವೈರ್ ಕಡೆ ಸ್ವಲ್ಪ ಪರದಾಡಬೇಕಾಯಿತು. ಫ್ಯೂಸ್ ಬಾಕ್ಸಿನ ಎ3 ಟರ್ಮಿನಲ್‌ವರೆಗೆ 0.2 ಮಾತ್ರ ನಷ್ಟ. ಉಳಿದ ಒಂದು ವೋಲ್ಟ್ ಅಲ್ಲಿಂದ ಪಂಪಿನವರೆಗಿನ ಎರಡು ಅಡಿಯಲ್ಲಿ. ಹೊಸ ಟೇಪ್ ಬಿಚ್ಚಿದರೆ ಒಳಗೆ ಹಳೇ ವೈರಿಗೆ ಹೊಸದನ್ನು ಸುಮ್ನೆ ಹೊಸೆದು ಸುತ್ತಿದ್ದರು. ಹಸಿರು ಕಿಲುಬು ಹಿಡಿದಿತ್ತು. ಅಷ್ಟೂ ವೈರ್ ಬದಲಿಸಿ, ತುದಿಗಳನ್ನು ಒತ್ತಿ ಬೆಸುಗೆ ಹಾಕಿದೆ. ಎ3 ಬಿಳಿ ವೈರಿಗೆ ಕಂಪನಿ ಫ್ಯೂಸ್ ಕೊಟ್ಟಿಲ್ಲ. ಪೆಟ್ರೋಲ್ ಪಕ್ಕದಲ್ಲಿ ಫ್ಯೂಸ್ ಇಲ್ಲದ ವೈರ್ ನನಗೆ ಸರಿ ಕಾಣಲಿಲ್ಲ, ಹಾಗಾಗಿ ಹತ್ತು ಆಂಪಿಯರಿನ ಒಂದು ಫ್ಯೂಸ್ ಮಧ್ಯೆ ಸೇರಿಸಿದೆ. ಕಂಪನಿ ಕೊಟ್ಟ ಹಾಗೇ ಇರಬೇಕು ಅನ್ನುವ ಗೆಳೆಯರು ಮುಖ ಸಿಂಡರಿಸಿದರು. ಸಿಂಡರಿಸಲಿ.

ಈಗ ಬಲ್ಬ್ ಬೆಳ್ಳಗೆ ಉರಿಯಿತು, 12.0 ವೋಲ್ಟ್. ಪಂಪ್ ಜೋಡಿಸಿ ಕೀ ತಿರುಗಿಸಿದರೆ ಟಿಕ್ ಟಿಕ್ ಅಲ್ಲ, ಟಕ್ ಟಕ್ ಟಕ್. ಪಕ್ಕದ ಮನೆಯವರಿಗೂ ಕೇಳಿಸುವಷ್ಟು. ಮೇ ತಿಂಗಳ ಬಿಸಿಲಲ್ಲೇ ಬೆಟ್ಟ ಹತ್ತಿಸಿದೆ. ಹಳೇ ತಿರುವು ಬಂದಾಗ ಹೆಂಡತಿ ಮಾತು ನಿಲ್ಲಿಸಿ ಕಿವಿಗೊಟ್ಟಳು. ಕಾರು ನಿಲ್ಲಲಿಲ್ಲ.

ವೈಪರ್ ಮಾತ್ರ ಇನ್ನೂ ಎಳೆದೆಳೆದು ಓಡುತ್ತದೆ. ಅದರ ಮೋಟರ್ ಕೂತಿರುವುದೂ ಹೊಸ ಪೇಂಟ್ ಮೇಲೆಯೇ. ಮಳೆಗಾಲಕ್ಕೆ ಮುಂಚೆ ಬಲ್ಬ್ ಮತ್ತೆ ಹೊರಗೆ ತೆಗೆಯಬೇಕು.