ಕಾರು ಬಿಸಿಯಾದರೆ ಮೊದಲು ಏನು ಮಾಡಬೇಕು, ಆಮೇಲೆ ಏನು ಹುಡುಕಬೇಕು

ಕಾರಿನ ಕೂಲೆಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ಪೆಟ್ರೋಲ್ ತರ ಉರಿದು ಖರ್ಚಾಗುವ ವಸ್ತುವಲ್ಲ. ಅದು ಎಂಜಿನ್ನಿನಿಂದ ರೇಡಿಯೇಟರಿಗೆ, ರೇಡಿಯೇಟರಿನಿಂದ ಎಂಜಿನ್ನಿಗೆ ಸುತ್ತುತ್ತಲೇ ಇರುತ್ತದೆ. ವರ್ಷಕ್ಕೆ ಒಂದು ಚೂರು ಇಳಿದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಕಡಿಮೆಯಾಗಿದೆ ಎಂದರೆ ಎಲ್ಲೋ ಹೋಗಿದೆ ಎಂದೇ ಅರ್ಥ.

ಇದು ನನಗೆ ಅರ್ಥವಾಗಿದ್ದು ಚಾರ್ಮಾಡಿ ಘಾಟಿಯಲ್ಲಿ. ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡು ಗಂಟೆ. ಧರ್ಮಸ್ಥಳದಿಂದ ಚಿಕ್ಕಮಗಳೂರಿಗೆ ವಾಪಸ್ ಬರುತ್ತಿದ್ದೆವು. ಹನ್ನೊಂದು ವರ್ಷದ ಪೆಟ್ರೋಲ್ ಕಾರು, ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು. ಅದಕ್ಕೂ ಮುಂಚಿನ ಮೂರು ತಿಂಗಳಲ್ಲಿ ಎರಡು ಸಲ ಗ್ಯಾರೇಜಿನಲ್ಲಿ "ಕೂಲೆಂಟ್ ಸ್ವಲ್ಪ ಕಡಿಮೆ ಇತ್ತು ಸಾರ್, ಟಾಪ್ ಅಪ್ ಮಾಡಿದ್ದೀವಿ" ಎಂದಿದ್ದರು. ದುಡ್ಡು ಕೊಟ್ಟು ಬಂದಿದ್ದೆ. ಎಲ್ಲಿ ಹೋಯಿತು ಎಂದು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಘಾಟಿಯ ಅರ್ಧಕ್ಕೆ ಬರುವಾಗ ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಗ್ಯಾಸ್ ಕಡಿಮೆಯಾಗಿರಬೇಕು ಅಂದುಕೊಂಡೆ. ಟೆಂಪರೇಚರ್ ಮುಳ್ಳಿನ ಕಡೆ ನೋಡಿದರೆ ಅದು ಕೆಂಪು ಗೆರೆ ಮುಟ್ಟಿತ್ತು.

ಹಾಗಾಗಿ ಮೊದಲು ಸುಳಿವುಗಳ ವಿಷಯ. ಹೊಗೆ ಬರುವವರೆಗೆ ಕಾಯಬೇಕಿಲ್ಲ. ಎಂಜಿನ್ ಮಿತಿ ಮೀರಿ ಬಿಸಿಯಾದರೆ ಅನೇಕ ಕಾರುಗಳಲ್ಲಿ ಎಸಿ ಕಂಪ್ರೆಸರ್ ತಾನೇ ನಿಲ್ಲುತ್ತದೆ. ಏರು ಹತ್ತುವಾಗ ಎಸಿ ಇದ್ದಕ್ಕಿದ್ದಂತೆ ತಂಪು ಬಿಟ್ಟರೆ ತಕ್ಷಣ ಮುಳ್ಳು ನೋಡಿ. ಸಿಹಿ ಸಿಹಿ ವಾಸನೆ ಬಂದರೆ ಅದು ಬಿಸಿ ಕೂಲೆಂಟ್. ಪಿಕಪ್ ಸುಮ್ನೆ ಬಿದ್ದುಹೋದಂತೆ ಅನಿಸಿದರೂ ನೋಡಿ. ಈಗಿನ ಎಷ್ಟೋ ಚಿಕ್ಕ ಕಾರುಗಳಲ್ಲಿ ಮುಳ್ಳೇ ಇಲ್ಲ, ಬರೀ ಒಂದು ದೀಪ. ಅದು ಕೆಂಪಾಗುವ ಹೊತ್ತಿಗೆ ತಡವಾಗಿರುತ್ತದೆ. ಅದಕ್ಕೇ ಅಂಥ ಕಾರು ಇರುವವರು ಈ ಬೇರೆ ಸುಳಿವುಗಳನ್ನೇ ಹೆಚ್ಚು ಗಮನಿಸಬೇಕು.

ಮುಳ್ಳು ಮಧ್ಯ ದಾಟಿ ಏರುತ್ತಿದೆ, ಹೊಗೆ ಇನ್ನೂ ಇಲ್ಲ, ನಿಲ್ಲಿಸಲು ಜಾಗ ಒಂದೆರಡು ತಿರುವು ಆಚೆ ಇದೆ ಅಂತಿಟ್ಟುಕೊಳ್ಳಿ. ಎಸಿ ಆಫ್ ಮಾಡಿ. ಕಿಟಕಿಗಳನ್ನೆಲ್ಲ ಇಳಿಸಿ, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿ ಇಡಿ. ಬೇಸಿಗೆಯಲ್ಲಿ ಇದೇನು ಅಂತ ಒಳಗಿದ್ದವರು ಕೇಳುತ್ತಾರೆ, ಕೇಳಲಿ. ಹೀಟರ್ ಅನ್ನುವುದೂ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿಯನ್ನೇ ಒಳಗೆ ಊದುತ್ತದೆ. ಆ ಒಂದೆರಡು ತಿರುವು ದಾಟಲು ಇಷ್ಟು ಸಾಕಾಗಬಹುದು. ಮುಳ್ಳು ಕೆಂಪು ಮುಟ್ಟಿದ್ದರೆ ಅಥವಾ ಬಾನೆಟ್ಟಿನಿಂದ ಹಬೆ ಬರುತ್ತಿದ್ದರೆ ಮಾತ್ರ ಈ ಲೆಕ್ಕಾಚಾರ ಬೇಡ. ಆಗ ಸಿಕ್ಕ ಮೊದಲ ಜಾಗದಲ್ಲಿ ಸೈಡಿಗೆ ಹಾಕಿ ಎಂಜಿನ್ ಆಫ್ ಮಾಡಿ.

ಜಾಗ ಅಂದರೆ ತಿರುವಿನಲ್ಲಿ ಅಲ್ಲ. ಹಿಂದಿನಿಂದ ಬರುವ ಬಸ್ಸಿಗೆ ನೀವು ದೂರದಿಂದಲೇ ಕಾಣಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿಟ್ಟು, ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಕಾರಿನ ಜೊತೆ ಬಂದ ಕೆಂಪು ತ್ರಿಕೋನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಇರುತ್ತದೆ ಅಲ್ವಾ, ಅದನ್ನು ತೆಗೆದು ಹಿಂದೆ ಒಳ್ಳೆ ದೂರದಲ್ಲಿ ಇಡಿ. ಮಕ್ಕಳನ್ನೂ ಹಿರಿಯರನ್ನೂ ಕಾರಿನಿಂದ ಇಳಿಸಿ ರಸ್ತೆಯಿಂದ ಆಚೆ ಕೂರಿಸಿ.

ಇನ್ನು ಮುಖ್ಯವಾದ ಮಾತು. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ನಾನು ಆವತ್ತು ಬಟ್ಟೆ ಕೈಗೆ ಸುತ್ತಿಕೊಂಡು ಮುಚ್ಚಳದ ಮೇಲೆ ಕೈ ಇಟ್ಟಿದ್ದೆ. ಹಿಂದೆ ನಿಂತ ಲಾರಿಯಿಂದ ಡ್ರೈವರ್ ಕೂಗಿದರು, "ಸಾರ್, ಕೈ ತೆಗೀರಿ, ಮುಖ ಬೆಂದು ಹೋಗ್ತದೆ." ಅವರು ಇಳಿದು ಬಂದು ಬಾನೆಟ್ ಎತ್ತಿ ನಿಲ್ಲಿಸಿ, ಗಾಳಿ ಆಡಲಿ ಬಿಡಿ ಎಂದು ಹೇಳಿ, ಪಕ್ಕದಲ್ಲೇ ಕೂತರು. ಆಮೇಲೆ ಓದಿ ತಿಳಿದುಕೊಂಡೆ. ನೀರು ಕುದಿಯುವುದು 100 ಡಿಗ್ರಿಗೆ. ರೇಡಿಯೇಟರ್ ಮುಚ್ಚಳ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ, ಆ ಒತ್ತಡದಲ್ಲಿ ನೀರು 120 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದ ಕ್ಷಣ ಒತ್ತಡ ಹೋಗಿ, ಅಷ್ಟು ಬಿಸಿಯ ನೀರು ಒಮ್ಮೆಗೇ ಹಬೆಯಾಗಿ ಚಿಮ್ಮುತ್ತದೆ. ಬಟ್ಟೆ ಸುತ್ತಿದ ಕೈ ಅಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ.

ಕಡಿಮೆ ಅಂದರೆ ಮುಕ್ಕಾಲು ಗಂಟೆ ಕಾಯಿರಿ. ಎಂಜಿನ್ ಮೇಲೆ ನೀರು ಎರಚಬೇಡಿ. ಫ್ಯಾನು ಎಂಜಿನ್ ಆಫ್ ಆಗಿದ್ದರೂ ತಾನೇ ತಿರುಗಬಹುದು. ಕೈ, ಸೆರಗು, ವೇಲು ಅದರ ಹತ್ತಿರ ಹೋಗದಂತೆ ನೋಡಿಕೊಳ್ಳಿ. ಕಾದ ಮೇಲೆ ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪನ್ನು ಬಟ್ಟೆ ಇಟ್ಟು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಇನ್ನೂ ಒತ್ತಡ ಇದೆ. ಮೆತ್ತಗಿದ್ದು ಕೈಗೆ ಬೆಚ್ಚಗೆ ಮಾತ್ರ ತಾಗಿದರೆ ದಪ್ಪ ಬಟ್ಟೆ ಹಾಕಿ, ಮುಖ ಆಚೆ ಮಾಡಿ, ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ. ಸುಯ್ ಅಂತ ಗಾಳಿ ಹೋಗುವುದು ಪೂರ್ತಿ ನಿಂತ ಮೇಲೆ ತೆಗೆಯಿರಿ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ. ಎಂಜಿನ್ನಿನ ಹೆಡ್, ಅಂದರೆ ಮೇಲಿನ ಭಾಗ, ಸಾಮಾನ್ಯವಾಗಿ ಅಲ್ಯುಮಿನಿಯಂ. ಕಾದಿರುವಾಗ ತಣ್ಣೀರು ಒಮ್ಮೆಗೇ ಬಿದ್ದರೆ ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು, ಆಗಿನ ಖರ್ಚು ಬೇರೆ ಲೆಕ್ಕದ್ದು. ಕುಡಿಯುವ ನೀರಿನ ಬಾಟಲಿ ಇದ್ದರೆ ಅದನ್ನೇ ಹಾಕಿ, ತುರ್ತಿಗೆ ಪರವಾಗಿಲ್ಲ. ನೆನಪಿನಲ್ಲಿಡಿ, ಒಳಗಿನ ಕೂಲೆಂಟ್ ಪೂರ್ತಿ ಖಾಲಿಯಾಗಿದ್ದರೆ ಬಿಸಿ ಅಳೆಯುವ ಸೆನ್ಸರ್ ಬರೀ ಗಾಳಿಯಲ್ಲಿರುತ್ತದೆ. ಆಗ ಮುಳ್ಳು ಕೆಳಗಿಳಿದು ಎಲ್ಲ ಸರಿ ಇದೆ ಅನ್ನುವಂತೆ ತೋರಿಸಬಹುದು. ಹಾಗಾಗಿ ಮುಳ್ಳನ್ನು ಮಾತ್ರ ನಂಬಿ ಹೊರಡಬೇಡಿ, ನೀರು ಎಷ್ಟಿದೆ ಎಂದು ಕಣ್ಣಾರೆ ನೋಡಿ.

ಹಾಕಿದ ನೀರು ಕೆಳಗೆ ಸುರಿದುಹೋಗುತ್ತಿದ್ದರೆ, ಅಥವಾ ಎರಡು ಮೂರು ಕಿಲೋಮೀಟರಿಗೇ ಮುಳ್ಳು ಮತ್ತೆ ಏರಿದರೆ, ಹಟ ಮಾಡಬೇಡಿ. ಟೋ ಮಾಡಿಸಿ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ಎಂದು ಮನೆಯಲ್ಲಿರುವಾಗಲೇ ನೋಡಿ, ಆ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಕಾರಿನಲ್ಲಿಡಿ. ಘಾಟಿಯಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಪಾಲಿಸಿ ಮೊಬೈಲಿನಲ್ಲಿದ್ದರೆ ತೆಗೆಯಲು ಆಗುವುದಿಲ್ಲ. ಚೀಟಿ ಇದ್ದರೆ ದಾರಿಯಲ್ಲಿ ಹೋಗುವವರ ಕೈಗೆ ಕೊಟ್ಟು, ಸಿಗ್ನಲ್ ಸಿಕ್ಕ ಕಡೆಯಿಂದ ಫೋನ್ ಮಾಡಿ ಅನ್ನಬಹುದು.

ಈಗ ಕಾರಣ ಹುಡುಕುವ ಕೆಲಸ. ಇದನ್ನು ಪೂರ್ತಿ ಮೆಕ್ಯಾನಿಕ್‌ಗೆ ಬಿಡಬೇಡಿ. ಅವರಿಗೆ ಬರುವುದಿಲ್ಲ ಅಂತಲ್ಲ. ಕಾರು ಯಾವಾಗ, ಎಲ್ಲಿ ಬಿಸಿಯಾಯಿತು ಎಂದು ನೋಡಿದವರು ನೀವು, ಅವರಲ್ಲ. ಸಿಟಿ ಟ್ರಾಫಿಕ್ಕಿನಲ್ಲಿ ನಿಂತಾಗ ಬಿಸಿಯಾಗಿ, ಹೈವೇಗೆ ಹೋದ ಕೂಡಲೇ ಮುಳ್ಳು ಇಳಿದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಓಡುವಾಗ ಎದುರು ಗಾಳಿ ಸಿಗುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಟ್ರಾಫಿಕ್ಕಿನಲ್ಲಿ ಚೆನ್ನಾಗಿದ್ದು ಏರಿನಲ್ಲೋ ಹೈವೇಯಲ್ಲೋ ಬಿಸಿಯಾದರೆ ರೇಡಿಯೇಟರ್ ಕಟ್ಟಿಕೊಂಡಿರಬಹುದು, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ಪೂರ್ತಿ ತೆರೆಯದೆ ಇರಬಹುದು, ವಾಟರ್ ಪಂಪ್ ಸೋತಿರಬಹುದು, ಇಲ್ಲವೇ ಕೂಲೆಂಟೇ ಕಡಿಮೆ ಇರಬಹುದು. ಇಷ್ಟನ್ನು ಸರಿಯಾಗಿ ಹೇಳಿದರೆ ಗ್ಯಾರೇಜಿನಲ್ಲಿ ಅರ್ಧ ದಿನ ಉಳಿಯುತ್ತದೆ.

ಫ್ಯಾನ್ ನೋಡುವುದು ಸುಲಭ. ಎಂಜಿನ್ ಸ್ಟಾರ್ಟ್ ಮಾಡಿ ಎಸಿ ಹಾಕಿ. ಹೆಚ್ಚಿನ ಕಾರುಗಳಲ್ಲಿ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ, ಅಂದರೆ ಫ್ಯಾನಿಗೆ ಕರೆಂಟ್ ಬಿಡುವ ಪುಟ್ಟ ಸ್ವಿಚ್. ಹಾರ್ನಿನ ರಿಲೇ ಅದೇ ನಂಬರಿನದಾಗಿದ್ದರೆ ಅದನ್ನು ಕಿತ್ತು ಇಲ್ಲಿ ಹಾಕಿ ನೋಡಬಹುದು. ಅದೂ ಆಗದಿದ್ದರೆ ಫ್ಯಾನ್ ಮೋಟರ್.

ಸೋರಿಕೆ ಹುಡುಕಲು ಕಾರು ಪೂರ್ತಿ ತಣ್ಣಗಿರಬೇಕು, ಬೆಳಿಗ್ಗೆ ಒಳ್ಳೆ ಸಮಯ. ರಾತ್ರಿ ಕಾರಿನ ಮುಂಭಾಗದ ಕೆಳಗೆ ಒಂದು ದೊಡ್ಡ ರಟ್ಟು ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಬಣ್ಣದ ಹನಿ ಬಿದ್ದಿದ್ದರೆ ಅದರ ನೇರಕ್ಕೆ ಮೇಲೆ ನೋಡಿ. ಎಸಿ ನೀರು ಬಣ್ಣವಿಲ್ಲದೆ ಇರುತ್ತದೆ, ಅದಕ್ಕೆ ಹೆದರಬೇಡಿ. ಹನಿ ಇಲ್ಲದಿದ್ದರೂ ಸೋರಿಕೆ ಇರಬಹುದು, ಏಕೆಂದರೆ ಬಿಸಿ ಎಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಒಣಗಿಬಿಡುತ್ತದೆ. ಆದರೆ ಕಲೆ ಉಳಿಯುತ್ತದೆ. ನನ್ನ ಕಾರಿನಲ್ಲಿ ಕಂಡದ್ದು ಅದೇ. ಟಾರ್ಚ್ ಹಿಡಿದು ಕೆಳಗಿನ ಹೋಸಿನ ಕ್ಲಿಪ್ ನೋಡಿದರೆ ಅದರ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ ಇತ್ತು. ಬೆರಳಲ್ಲಿ ಉಜ್ಜಿದರೆ ಒಣಗಿದ ಸುಣ್ಣದ ಹಾಗೆ ಪುಡಿ ಉದುರಿತು. ಕ್ಲಿಪ್ ತುಕ್ಕು ಹಿಡಿದು ಬಿಗಿ ಕಳೆದುಕೊಂಡಿತ್ತು. ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗ ಮಾತ್ರ ಅಲ್ಲಿಂದ ಜಿನುಗುತ್ತಿತ್ತು, ತಣ್ಣಗಾದರೆ ನಿಲ್ಲುತ್ತಿತ್ತು. ಹೊಸ ಕ್ಲಿಪ್ಪಿಗೆ ನಾನು ಕೊಟ್ಟಿದ್ದು 30 ರೂಪಾಯಿ.

ಇದೇ ತರ ರೇಡಿಯೇಟರಿನ ಪ್ಲಾಸ್ಟಿಕ್ ಭಾಗ ಅಲ್ಯುಮಿನಿಯಂ ಜೊತೆ ಸೇರುವ ಅಂಚು ನೋಡಿ. ವಾಟರ್ ಪಂಪಿನ ಕೆಳಗೆ ಕಲೆ ಇದ್ದರೆ ಅದರ ಸೀಲ್ ಹೋಗುತ್ತಿದೆ. ಮುಚ್ಚಳದ ರಬ್ಬರ್ ಗಟ್ಟಿಯಾಗಿದ್ದರೆ ಮುಚ್ಚಳವನ್ನೇ ಬದಲಾಯಿಸಿ, ಆದರೆ ಅದೇ ಒತ್ತಡದ್ದು ತನ್ನಿ, ಒತ್ತಡದ ಅಂಕಿ ಸಾಮಾನ್ಯವಾಗಿ ಮೇಲೆಯೇ ಬರೆದಿರುತ್ತದೆ. ಮುಂದಿನ ಸೀಟಿನ ಕಾಲ ಬಳಿ ಮ್ಯಾಟ್ ಕೆಳಗೆ ಅಂಟಂಟಾದ ಒದ್ದೆ ಇದ್ದರೆ, ಗಾಜು ಪದೇ ಪದೇ ಮಸುಕಾದರೆ, ಹೀಟರ್ ಒಳಗೆ ಸೋರುತ್ತಿದೆ.

ಹೊರಗೆ ಎಲ್ಲೂ ಸೋರಿಕೆ ಇಲ್ಲ, ಆದರೂ ಕಡಿಮೆಯಾಗುತ್ತಿದೆ ಅಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಹೆಡ್ಡಿಗೂ ಕೆಳಗಿನ ಭಾಗಕ್ಕೂ ನಡುವಿನ ಸೀಲ್) ಬಗ್ಗೆ ಯೋಚಿಸಬೇಕು. ಸೈಲೆನ್ಸರಿನಿಂದ ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ, ಕೂಲೆಂಟ್ ಬಾಟಲಿಯಲ್ಲಿ ನಿಲ್ಲದ ಗುಳ್ಳೆ, ಎಂಜಿನ್ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ. ಇಂಥದ್ದೇನಾದರೂ ಕಂಡರೆ ಕಾರು ಓಡಿಸಬೇಡಿ. ಆದರೆ ಮಳೆಗಾಲದಲ್ಲಿ ಬರೀ ಹತ್ತಿರ ಹತ್ತಿರ ಓಡಿಸುವ ಕಾರಿನ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಬಿಳಿ ಕೆನೆ ಕಟ್ಟುವುದುಂಟು. ಅದು ಬರೀ ತೇವ. ಅಷ್ಟನ್ನೇ ತೋರಿಸಿ ಎಂಜಿನ್ ಬಿಚ್ಚಬೇಕು ಎಂದರೆ ಒಪ್ಪಬೇಡಿ, ಡಿಪ್‌ಸ್ಟಿಕ್ ತೆಗೆಸಿ ನೋಡಿ.

ಥರ್ಮೋಸ್ಟಾಟ್ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. "ನಮ್ಮ ಬಿಸಿಲಿಗೆ ಇದು ಬೇಡ ಸಾರ್" ಎಂದು ಕಿತ್ತು ಬಿಸಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಎಂಜಿನ್ ಬೇಗ ಸರಿಯಾದ ಬಿಸಿಗೆ ಬಂದು ಅಲ್ಲೇ ನಿಲ್ಲಲಿ ಎಂದೇ ಅದನ್ನು ಹಾಕಿರುವುದು. ಕಿತ್ತರೆ ಎಂಜಿನ್ ಸದಾ ತಣ್ಣಗೇ ಓಡಿ, ಇನ್ನೂ ಬಿಸಿಯಾಗಿಲ್ಲ ಎಂದು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಕೊಡುತ್ತಾ ಹೋಗುತ್ತದೆ, ಮೈಲೇಜ್ ಬೀಳುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ. ಕೆಟ್ಟಿದೆಯಾ ಎಂದು ನೋಡಲು ಒಂದು ಗುರುತು: ಎಂಜಿನ್ ಚೆನ್ನಾಗಿ ಬಿಸಿಯಾಗಿದೆ, ಮೇಲಿನ ಹೋಸ್ ಮುಟ್ಟಲಾಗದಷ್ಟು ಕಾದಿದೆ, ಕೆಳಗಿನದು ಮಾತ್ರ ತಣ್ಣಗಿದೆ. ಅದು ಮುಚ್ಚಿಕೊಂಡೇ ಉಳಿದಿರಬಹುದು, ಇಲ್ಲವೇ ರೇಡಿಯೇಟರ್ ಕಟ್ಟಿಕೊಂಡಿರಬಹುದು.

ಇನ್ನೊಂದು ಮಾತು ದಿನಾ ಕೇಳುತ್ತೇನೆ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಕೂಲೆಂಟ್ ಯಾಕೆ, ನೀರೇ ಸಾಕು ಅಂತ. ಕೂಲೆಂಟ್ ಬರೀ ಹೆಪ್ಪುಗಟ್ಟದಿರಲು ಅಲ್ಲ. ಒಳಗೆ ತುಕ್ಕು ತಡೆಯುತ್ತದೆ, ಕುದಿಯುವ ಬಿಸಿಯನ್ನು ಮೇಲೇರಿಸುತ್ತದೆ. ಅದರಲ್ಲೂ ಬೆಂಗಳೂರು, ಕೋಲಾರದ ಕಡೆ ಬೋರ್‌ವೆಲ್ ನೀರು ಹಾಕುವವರು ನಿಮ್ಮ ಮನೆಯ ಗೀಸರ್ ಕಾಯಿಲ್ ಒಮ್ಮೆ ನೆನಪು ಮಾಡಿಕೊಳ್ಳಿ. ಅದರ ಮೇಲೆ ಬಿಳಿ ಗಾರೆ ಕಟ್ಟಿರುತ್ತದಲ್ಲ, ರೇಡಿಯೇಟರಿನ ಸಣ್ಣ ನಾಳಗಳೊಳಗೆ ಕಟ್ಟುವುದೂ ಅದೇ. ತುರ್ತಿಗೆ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ಪೂರ್ತಿ ತೆಗೆಸಿ ಹೊಸ ಕೂಲೆಂಟ್ ತುಂಬಿಸಿ. ರೆಡಿ ಮಿಕ್ಸ್ ಆದರೆ ಹಾಗೇ ಹಾಕಬೇಕು. ಕಾನ್ಸೆಂಟ್ರೇಟ್ ಆದರೆ ಸಾಮಾನ್ಯವಾಗಿ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಸೇರಿಸಬೇಕು, ಬ್ಯಾಟರಿಗೆ ಹಾಕುವ ನೀರೇ ಅದು. ಬಣ್ಣ ನೋಡಿ ಬೆರೆಸಬೇಡಿ, ಹಸಿರು ಗುಲಾಬಿ ಎಲ್ಲ ಕಂಪನಿಯವರು ಹಾಕುವ ಬಣ್ಣ ಅಷ್ಟೇ, ಕಾರಿನ ಪುಸ್ತಕದಲ್ಲಿ ಯಾವುದು ಎಂದು ಬರೆದಿದೆ. ಹಳೆಯದನ್ನು ಚರಂಡಿಗೆ ಚೆಲ್ಲಲು ಬಿಡಬೇಡಿ. ಸಿಹಿ ಇರುತ್ತದೆ ಎಂದು ಬೀದಿ ನಾಯಿ, ಬೆಕ್ಕು ನೆಕ್ಕುತ್ತವೆ, ನೆಕ್ಕಿದರೆ ಸಾಯಬಹುದು.

ತುಂಬಿಸಿದ ಮೇಲೆ ಏರ್ ಲಾಕ್, ಅಂದರೆ ಒಳಗೆ ಸಿಕ್ಕಿಕೊಂಡ ಗಾಳಿ, ತೆಗೆಯಲೇಬೇಕು. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ಮುಚ್ಚಳ ತೆಗೆದೇ ಇಟ್ಟು, ಹೀಟರ್ ಹಾಕಿ, ಮೇಲಿನ ಹೋಸನ್ನು ಆಗಾಗ ಹಿಸುಕುತ್ತಾ ಗುಳ್ಳೆ ನಿಲ್ಲುವವರೆಗೆ ತುಂಬುತ್ತಾ ಇರಬೇಕು. ನಿಮ್ಮ ಕಾರಿಗೆ ಬೇರೆ ಕ್ರಮ ಇದ್ದರೆ ಅದನ್ನೇ ಮಾಡಿಸಿ. ಇದನ್ನು ಬಿಟ್ಟರೆ ಹೊಸ ಕೂಲೆಂಟ್ ಹಾಕಿದ ಮರುದಿನವೇ ಮುಳ್ಳು ಏರುತ್ತದೆ.

ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಎಂಜಿನ್ ಒದ್ದಾಡುವಂತೆ ಎಳೆಸಬೇಡಿ. ಎರಡಕ್ಕೆ ಇಳಿಸಿ. ಎಂಜಿನ್ ಹಗುರವಾಗಿ ತಿರುಗಿದರೆ ವಾಟರ್ ಪಂಪ್ ಕೂಡ ಜೋರಾಗಿ ತಿರುಗುತ್ತದೆ. ಬೇಸಿಗೆಯಲ್ಲಿ ಫುಲ್ ಲೋಡ್ ಇದ್ದರೆ ಆ ಅರ್ಧ ಗಂಟೆ ಎಸಿ ಇಲ್ಲದೆ ಹೋಗಿ.

ಈಗ ನನ್ನ ಡಿಕ್ಕಿಯಲ್ಲಿ ಐದು ಲೀಟರಿನ ನೀರಿನ ಕ್ಯಾನ್, ದಪ್ಪ ಟವೆಲ್, ಟಾರ್ಚ್, ಸ್ಕ್ರೂ ಡ್ರೈವರ್, ಎರಡು ಅಳತೆಯ ಹೋಸ್ ಕ್ಲಿಪ್ ಇರುತ್ತವೆ. ಜೊತೆಗೆ ಚಕ್ರಕ್ಕೆ ಕೊಡಲು ಮರದ ಒಂದು ತುಂಡು. ಆವತ್ತು ಹೊರಡುವಾಗ ನಾನು ಕಾರು ಸ್ಟಾರ್ಟ್ ಮಾಡಿದ್ದೆ, ಲಾರಿ ಡ್ರೈವರ್ ಹಿಂದೆ ಹೋಗಿ ಚಕ್ರಕ್ಕೆ ಕೊಟ್ಟಿದ್ದ ಕಲ್ಲನ್ನು ಎತ್ತಿ ಚರಂಡಿಯ ಆಚೆ ಇಟ್ಟು ಬಂದರು. "ರಾತ್ರಿ ಬೈಕಿನವರು ಬರ್ತಾರೆ ಸಾರ್" ಅಂದರು.