ಶಟ್‌ಡೌನ್ 43 ದಿನ, ಒಬ್ಬರೂ ಬಿಟ್ಟು ಹೋಗಲಿಲ್ಲ

"ಸಾಲ ಮಾಡಿ ಸಂಬಳ ಕೊಡ್ತೀಯಾ? ತಲೆ ಸರಿ ಇದೆಯಾ ನಿಂಗೆ?" 2025ರ ಸೆಪ್ಟೆಂಬರ್ ಕೊನೆಗೆ, ಸರ್ಕಾರ ಮುಚ್ಚಿದರೂ ನಮ್ಮವರ ಸಂಬಳ ನಿಲ್ಲಿಸಲ್ಲ ಅಂದಾಗ, ಗೆಳೆಯನೊಬ್ಬ ಫೋನಲ್ಲಿ ಹೀಗಂದ. ಅವನದೂ ನನ್ನ ಹಾಗೆ ವರ್ಜೀನಿಯಾದಲ್ಲಿ ಸಣ್ಣ ಐಟಿ ಕಂಪನಿ. ಇಬ್ಬರ ಅನ್ನವೂ ಅಮೆರಿಕದ ಕೇಂದ್ರ ಸರ್ಕಾರದ (ಫೆಡರಲ್) ಕಾಂಟ್ರಾಕ್ಟ್‌ನಿಂದಲೇ. ಖರ್ಚಿಗೆ ಸಂಸತ್ತಿನ ಒಪ್ಪಿಗೆ ಸಿಗದೆ ಅಕ್ಟೋಬರ್ 1ಕ್ಕೆ ಸರ್ಕಾರ ಬಾಗಿಲು ಹಾಕಿತು (ಇದನ್ನೇ ಶಟ್‌ಡೌನ್ ಅನ್ನುವುದು), ನವೆಂಬರ್ 12ರ ರಾತ್ರಿ ತೆರೆಯಿತು. ನಮ್ಮ 22 ಜನರಲ್ಲಿ 14 ಜನರ ಕೆಲಸ ನಿಂತಿತ್ತು. ಆ 22 ಜನರೂ ಇವತ್ತು ನನ್ನ ಜೊತೆಗೇ ಇದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

2018-19ರ 35 ದಿನಗಳ ಶಟ್‌ಡೌನ್‌ನಲ್ಲಿ ನಾನು ಪೂರ್ತಿ ಸೋತಿದ್ದೆ. ಕೆಲಸ ನಿಲ್ಲಿಸಿ ಅನ್ನುವ ಸರ್ಕಾರದ ಆದೇಶ (ಸ್ಟಾಪ್ ವರ್ಕ್ ಆರ್ಡರ್) ಬಂದ ದಿನವೇ ಎಲ್ಲರನ್ನೂ ಸಂಬಳವಿಲ್ಲದ ರಜೆಗೆ ಕಳಿಸಿದೆ. ಎಲ್ಲರೂ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ. ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ಅಂದೆ. ವರ್ಜೀನಿಯಾದಲ್ಲಿ ಆಗ ವಾರಕ್ಕೆ ಹೆಚ್ಚೆಂದರೆ 378 ಡಾಲರ್. ಇಲ್ಲಿನ ಬಾಡಿಗೆಗೆ ಅದು ಎಲ್ಲಿ ಸಾಲುತ್ತೆ? ಭತ್ಯೆ ಕೇಳಬೇಕಾದದ್ದು ಮನೆ ಇರುವ ರಾಜ್ಯದಲ್ಲಲ್ಲ, ಕೆಲಸ ಮಾಡುವ ರಾಜ್ಯದಲ್ಲಿ ಅಂತ ನನಗೂ ಗೊತ್ತಿರಲಿಲ್ಲ. ಇಬ್ಬರು ತಪ್ಪು ಕಡೆ ಅರ್ಜಿ ಹಾಕಿ ಎರಡು ವಾರ ಕಳಕೊಂಡರು. ಇನ್ನೊಬ್ಬರು ರಜೆಯಲ್ಲೂ ಸುಮ್ನೆ ಎರಡು ಇಮೇಲ್‌ಗೆ ಉತ್ತರ ಕೊಟ್ಟರು. ತಿಂಗಳ ಸಂಬಳದ ನೌಕರ ವಾರದಲ್ಲಿ ಸ್ವಲ್ಪ ಕೆಲಸ ಮಾಡಿದರೂ ಇಡೀ ವಾರದ ಸಂಬಳ ಕೊಡಬೇಕಲ್ವಾ, ಕೊಟ್ಟೆ. ಕಾಸ್ಟ್ಕೋ ಅಂಗಡಿಯ ಗಿಫ್ಟ್ ಕಾರ್ಡ್ ಹಂಚಿದೆ. ಅದೂ ಸಂಬಳದ ಲೆಕ್ಕವೇ, ಟ್ಯಾಕ್ಸ್ ಹಿಡೀಬೇಕು ಅಂದರು ಅಕೌಂಟೆಂಟ್.

ಫೆಬ್ರವರಿಯೊಳಗೆ ಮೂವರು ಬಿಟ್ಟು ಹೋದರು. ಅವರ ಜಾಗ ತುಂಬಲು ರಿಕ್ರೂಟರ್‌ಗಳಿಗೇ ಹತ್ತಿರ ಹತ್ತಿರ 60 ಸಾವಿರ ಡಾಲರ್ ಹೋಯಿತು. ಜಾಗ ಖಾಲಿ ಇದ್ದ ತಿಂಗಳುಗಳಲ್ಲಿ ಸರ್ಕಾರಕ್ಕೆ ಬಿಲ್ ಮಾಡಲಾಗದ ದುಡ್ಡು ಬೇರೆ.

2021ರಿಂದ ಪ್ರತಿ ಇನ್‌ವಾಯ್ಸ್‌ನಲ್ಲಿ ಒಂದು ಪರ್ಸೆಂಟ್ ತೆಗೆದು ಬೇರೆ ಖಾತೆಗೆ ಹಾಕುತ್ತಾ ಬಂದೆ. 2025ರ ಸೆಪ್ಟೆಂಬರ್‌ಗೆ ಅಲ್ಲಿ 1.2 ಲಕ್ಷ ಡಾಲರ್ ಆಸುಪಾಸು ಇತ್ತು. ಕೆಟ್ಟ ತಿಂಗಳಲ್ಲೂ ಅದಕ್ಕೆ ಕೈ ಹಾಕದ ಹಾಗೆ ಒಂದು ಏರ್ಪಾಡು ಮಾಡಿಕೊಂಡಿದ್ದೇನೆ, ಅದು ನನ್ನ ಹತ್ತಿರವೇ ಇರಲಿ. ಬ್ಯಾಂಕಿನ ಕ್ರೆಡಿಟ್ ಲೈನ್ (ಬೇಕಾದಾಗ ತೆಗೆಯಬಹುದಾದ ಸಾಲ) ಮಾತ್ರ ವ್ಯಾಪಾರ ಚೆನ್ನಾಗಿದ್ದಾಗಲೇ ತೆಗೆದಿಟ್ಟುಕೊಳ್ಳಿ. ಶಟ್‌ಡೌನ್ ಶುರುವಾದ ಮೇಲೆ ಹೋದರೆ ಬ್ಯಾಂಕಿನವರು ಕುರ್ಚಿ ಕೊಡುತ್ತಾರೆ, ದುಡ್ಡು ಕೊಡಲ್ಲ.

ಈ ಸಲ ಮಾಡಿದ್ದು ಇಷ್ಟು. ಹದಿನಾಲ್ಕು ಜನರನ್ನು ಎರಡು ತಂಡ ಮಾಡಿದೆ. ಒಂದು ವಾರ ಆಫೀಸಿನದೇ ಕೆಲಸ, ಪೂರ್ತಿ ಸಂಬಳ. ಮುಂದಿನ ವಾರ ರಜೆ, ಲ್ಯಾಪ್‌ಟಾಪ್ ಕೂಡ ಮುಟ್ಟುವ ಹಾಗಿಲ್ಲ. ಆ ವಾರದ ಸಂಬಳ ಅವರವರ ರಜೆಯ ಲೆಕ್ಕದಿಂದ. ರಜೆ ಮುಗಿದಿದ್ದರೆ ಮುಂದಿನ ರಜೆಯನ್ನೇ ಸಾಲ ತೆಗೆದು ಮೈನಸ್ 80 ಗಂಟೆಯವರೆಗೆ ಹೋಗಬಹುದು. ಗೆಳೆಯನಿಗೆ ಅರ್ಥವಾಗದೆ ಇದ್ದದ್ದು ಇದೇ. ರಜೆಯ ವಾರದ ದುಡ್ಡು ಖರ್ಚಲ್ಲ, ಮುಂಗಡ. ಮುಂದಿನ ವರ್ಷ ಅವರು ರಜೆ ಕಡಿಮೆ ಹಾಕುತ್ತಾರೆ, ಆ ಗಂಟೆಗಳು ಬಿಲ್ ಆಗುತ್ತವೆ. ಮಧ್ಯೆ ಯಾರಾದರೂ ಬಿಟ್ಟು ಹೋದರೆ ನಷ್ಟ ನನ್ನದು ಅಂತ ಮೊದಲ ದಿನವೇ ಹೇಳಿದೆ, ಬರೆದೂ ಕೊಟ್ಟೆ.

ಅಕ್ಟೋಬರ್ 17, ಶುಕ್ರವಾರ. ದೀಪಾವಳಿಗೆ ಮೂರು ದಿನ. ಟೆಸ್ಟಿಂಗ್ ತಂಡದ ಹುಡುಗಿಯೊಬ್ಬಳು ಆಫೀಸಿನ ಅಡುಗೆಕೋಣೆಯಲ್ಲಿ ನಿಂತು ಫೋನಲ್ಲಿ ಪೇಸ್ಲಿಪ್ ನೋಡುತ್ತಿದ್ದಳು. ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಸಂಬಳ ಪೂರ್ತಿ ಇತ್ತು, ರಜೆಯ ಸಾಲಿನಲ್ಲಿ ಮೈನಸ್ 24. "ಸರ್, ಇದು ಆಮೇಲೆ ಒಟ್ಟಿಗೆ ಹಿಡ್ಕೊಳ್ಳಲ್ಲ ಅಲ್ವಾ?" ಅಂದಳು. ಇಲ್ಲಮ್ಮ ಅಂದೆ. ಅವಳು ಅಲ್ಲೇ ನಿಂತು ಗಂಡನಿಗೆ ಫೋನ್ ಮಾಡಿದಳು. ಮಗಳಿಗೆ ಹೊಸ ಬಟ್ಟೆ ಬೇಡ ಅಂತ ಅವರು ತೀರ್ಮಾನ ಮಾಡಿಕೊಂಡಿದ್ದರಂತೆ.

ಎಚ್-1ಬಿ (ವಿದೇಶಿಯರ ಕೆಲಸದ ವೀಸಾ) ಮೇಲಿದ್ದ ಇಬ್ಬರದು ಬೇರೆ ಕಥೆ. ಅವರನ್ನು ಸಂಬಳವಿಲ್ಲದೆ ಕೂರಿಸುವ ಹಾಗೇ ಇಲ್ಲ, ಕಾನೂನೇ ಬಿಡಲ್ಲ. ಒಬ್ಬನನ್ನು ನಡೆಯುತ್ತಿದ್ದ ಇನ್ನೊಂದು ಕಾಂಟ್ರಾಕ್ಟ್‌ಗೆ ಹಾಕೋಣ ಅಂದರೆ, ಶಟ್‌ಡೌನ್‌ನಿಂದ ಕಾರ್ಮಿಕ ಇಲಾಖೆಯಲ್ಲಿ ಎಲ್‌ಸಿಎ (ಆ ವೀಸಾದವರ ಕೆಲಸದ ಜಾಗ, ಸಂಬಳಕ್ಕೆ ಇಲಾಖೆ ಕೊಡುವ ಒಪ್ಪಿಗೆ) ಕೆಲಸವೂ ನಿಂತಿತ್ತು. ಹೊಸ ಜಾಗ ಅದೇ ಮಹಾನಗರದ ವ್ಯಾಪ್ತಿಯೊಳಗೆ ಇದ್ದರೆ ಹೊಸ ಎಲ್‌ಸಿಎ ಬೇಡ, ಹಳೆಯದನ್ನೇ ಅಲ್ಲಿ ಅಂಟಿಸಿದರೆ ಸಾಕು ಅಂತ ನಮ್ಮ ವಕೀಲರು ಹೇಳಿದರು. ಅದರಿಂದ ಬಚಾವಾದೆವು.

ಕೆಲಸ ನಿಲ್ಲದ ಎಂಟು ಜನ ತಮ್ಮ ರಜೆಯನ್ನೇ ದಾನ ಕೊಡುತ್ತೇವೆ ಅಂದರು. ನನಗೆ ಕಣ್ಣು ತುಂಬಿ ಬಂತು. ಆದರೆ ಇಂಥ ಕಾರಣಕ್ಕೆ ಕೊಟ್ಟ ರಜೆಯ ಟ್ಯಾಕ್ಸ್ ಕೊಟ್ಟವರ ತಲೆಗೇ ಬರುತ್ತದಂತೆ. ಅಲ್ಲಿಗೆ ಬಿಟ್ಟೆವು. ಆಫೀಸಿನ ವಾರದಲ್ಲಿ ಸೆಕ್ಯೂರಿಟಿ ಪ್ಲಸ್ (ಕಂಪ್ಯೂಟರ್ ಸುರಕ್ಷತೆಯ ಸರ್ಟಿಫಿಕೇಟ್) ಓದಿಸಿದೆ, ಪರೀಕ್ಷೆಗೆ ತಲಾ ನಾನೂರು ಚಿಲ್ಲರೆ ಡಾಲರ್. ಆರು ಜನ ಕೂತರು, ಐವರು ಪಾಸಾದರು. ನಮ್ಮದೇ ಒಂದು ಟೈಮ್‌ಶೀಟ್ ಸಾಫ್ಟ್‌ವೇರ್ ಮಾಡಲು ಹೊರಟದ್ದು ಮಾತ್ರ ಅರ್ಧಕ್ಕೇ ನಿಂತಿತು. ಬುಧವಾರಗಳಂದು ನನ್ನ ಹೆಂಡತಿ ಬಿಸಿಬೇಳೆಬಾತ್ ಮಾಡಿ ಕಳಿಸುತ್ತಿದ್ದಳು. ರಜೆಯಲ್ಲಿದ್ದವರೂ ಊಟಕ್ಕೆ ಬರುತ್ತಿದ್ದರು. ಹೆಲ್ಪ್‌ಡೆಸ್ಕ್‌ನಲ್ಲಿರುವ ಮಾಜಿ ಸೈನಿಕರೊಬ್ಬರು ಪ್ರತಿ ಸಲ ಡಬ್ಬಿಗೆ ಹಾಕಿಸಿಕೊಂಡು ಹೋಗುತ್ತಿದ್ದರು.

ಒಟ್ಟು ಹೋದದ್ದು 1.9 ಲಕ್ಷ ಡಾಲರ್ ಇರಬೇಕು. 1.1 ಲಕ್ಷ ನಮ್ಮ ಖಾತೆಯಿಂದ, 80 ಸಾವಿರ ಕ್ರೆಡಿಟ್ ಲೈನ್‌ನಿಂದ, ಬಡ್ಡಿ ಒಂಬತ್ತು ಪರ್ಸೆಂಟ್ ಹತ್ತಿರ. ಅದರಲ್ಲಿ ಅರ್ಧದಷ್ಟು ರಜೆಯ ಮುಂಗಡ, ನಿಧಾನವಾಗಿ ವಾಪಸ್ ಬರುತ್ತಿದೆ. ಫೆಡರಲ್ ನೌಕರರಿಗೆ ನಿಂತ ಸಂಬಳ ಆಮೇಲೆ ಕೊಡಬೇಕು ಅಂತ 2019ರಲ್ಲೇ ಕಾನೂನು ಆಯಿತು. ನಮ್ಮ ಜನರಿಗೆ ಆ ಕಾನೂನು ಇಲ್ಲ, ನಾವೇ ಇರುವುದು.

ಸೆಪ್ಟೆಂಬರ್ ಮೂರನೇ ವಾರ ಇಲಾಖೆಯ ಕಾಂಟ್ರಾಕ್ಟ್ ಅಧಿಕಾರಿಗೆ ನಾನೊಂದು ಪ್ರಶ್ನೆ ಕೇಳುತ್ತೇನೆ. ಯಾವ ಕೆಲಸ ನಿಲ್ಲುತ್ತದೆ, ಯಾವುದು ನಿಲ್ಲಲ್ಲ ಅನ್ನುವುದು ಅವರ ಉತ್ತರದಲ್ಲೇ ತಿಳಿಯುತ್ತದೆ. ಗೆಳೆಯ ಆ ಪ್ರಶ್ನೆ ಏನು ಅಂತ ಮೂರು ಸಲ ಕೇಳಿದ್ದಾನೆ. ಅವನ ಆರು ಜನ ಹೋದರು. ಅವನಿಗೆ ಮಾತ್ರ ಹೇಳುತ್ತೇನೆ ಅಂದಿದ್ದೇನೆ.