ಸಣ್ಣ ಪೇಟೆಯ ಚರಿತ್ರೆ: ಮೊದಲು ಗಡಿ, ಆಮೇಲೆ ತಲೆ ಎಣಿಕೆ

ಹೋಬಳಿ ಮಟ್ಟದ ಊರೊಂದರ ಚರಿತ್ರೆ ಬರೆಯಲು ಕೂತಾಗ ಶಾಸನಕ್ಕೂ ಮೊದಲು ನಾನು ಹುಡುಕುವುದು ಆ ಊರಿನ ಗಡಿಯನ್ನು. ಜನ ಊರು ಅನ್ನುವುದು ಪೇಟೆಬೀದಿ, ಕೋಟೆ, ಕೇರಿಗಳಿಗೆ. ಜನಗಣತಿ ಲೆಕ್ಕ ಕೊಡುವುದು ಕಂದಾಯ ಗ್ರಾಮಕ್ಕೆ, ಅಂದರೆ ಕಂದಾಯ ದಾಖಲೆಯಲ್ಲಿ ಗಡಿ ಗುರುತಿಸಿದ ಗ್ರಾಮಕ್ಕೆ. ದೂರದ ಮಜರೆಯೋ (ಮುಖ್ಯ ಊರಿಗೆ ಸೇರಿದ ಚಿಕ್ಕ ಹಳ್ಳಿ) ತಾಂಡಾವೋ ಆ ಲೆಕ್ಕದೊಳಗೆ ಸೇರಿರುತ್ತದೆ, ಪೇಟೆಯದೇ ಒಂದು ಸಾಲು ಮನೆ ಪಕ್ಕದ ಗ್ರಾಮದ ಸರ್ವೆ ನಂಬರಿನಲ್ಲಿರುತ್ತದೆ. ಇದು ಇತ್ಯರ್ಥವಾಗದೆ ಬರೆದ ಜನಸಂಖ್ಯೆಗೆ ಬೆಲೆಯಿಲ್ಲ.

ಹಾಗಾಗಿ ಗ್ರಾಮ ನಕಾಶೆ ಹರಡಿಕೊಂಡು ಮಜರೆಗಳನ್ನೂ ಸುತ್ತಲಿನ ಬೇಚಿರಾಕ್ ಗ್ರಾಮಗಳನ್ನೂ ಗುರುತು ಮಾಡುತ್ತೇನೆ. ಬೇಚಿರಾಕ್ ಎಂದರೆ ಜನವಸತಿ ಹೋಗಿ, ಕಂದಾಯ ದಾಖಲೆಯಲ್ಲಿ ಮಾತ್ರ ಹೆಸರು ಉಳಿಸಿಕೊಂಡ ಊರು. ಪಾಳು ಗುಡಿ, ಹಾಳು ಬಾವಿ, ವೀರಗಲ್ಲು ಇದ್ದರೆ ಅಲ್ಲಿಯೂ ಹೋಗಿ ನೋಡಲೇಬೇಕು. ಪೇಟೆಯ ಹಳೆಯ ಮನೆತನಗಳ ದೇವರು ಅಲ್ಲೇ ಇದ್ದರೆ, ಆ ಜನ ಎಲ್ಲಿಂದ ಎದ್ದು ಬಂದರು ಎಂಬುದಕ್ಕೆ ಅದು ಒಳ್ಳೆಯ ಸುಳಿವು.

1951ರಿಂದ ಈಚೆಗೆ ಜಿಲ್ಲಾ ಜನಗಣತಿ ಕೈಪಿಡಿಗಳಿವೆ. ಬಹಳ ಮಂದಿ ಜನಸಂಖ್ಯೆಯ ಅಂಕಣ ಮಾತ್ರ ಬರೆದುಕೊಂಡು ಎದ್ದುಬಿಡುತ್ತಾರೆ. ಅದರ ಪಕ್ಕದ ವಿಸ್ತೀರ್ಣದ ಅಂಕಣವೂ ಅಷ್ಟೇ ಮುಖ್ಯ. 3,200 ಇದ್ದ ಊರು ಹತ್ತು ವರ್ಷದಲ್ಲಿ 5,100 ಆಯಿತು ಎಂದಿಟ್ಟುಕೊಳ್ಳಿ. ವಿಸ್ತೀರ್ಣವೂ ಜಿಗಿದಿದ್ದರೆ ಅದು ಪಕ್ಕದ ಹಳ್ಳಿ ಸೇರಿಸಿಕೊಂಡ ಲೆಕ್ಕವಿರಬೇಕು. ವಿಸ್ತೀರ್ಣ ಹಾಗೇ ಇದ್ದರೆ ಮಾತ್ರ ಕಾಲುವೆ, ಕಾರ್ಖಾನೆ, ಸಂತೆ ಇಂಥ ಕಾರಣ ಹುಡುಕಬೇಕು. ಅಳತೆಯ ಮಾನ ಗಣತಿಯಿಂದ ಗಣತಿಗೆ ಬದಲಾಗುತ್ತದೆ: ಒಂದು ಚದರ ಮೈಲಿ ಎಂದರೆ 640 ಎಕರೆ, ಸುಮಾರು 259 ಹೆಕ್ಟೇರ್. ಎಲ್ಲವನ್ನೂ ಒಂದೇ ಮಾನಕ್ಕೆ ತಂದ ಮೇಲೇ ಹೋಲಿಸಬೇಕು.

1961ರಲ್ಲಿ ‘ಪಟ್ಟಣ’ದ ವ್ಯಾಖ್ಯೆ ಬಿಗಿಯಾಯಿತು. ಪುರಸಭೆಯಂಥ ಸಂಸ್ಥೆ ಇಲ್ಲದಿದ್ದರೆ ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರ ಕಸುಬಿನವರು, ಸಾಕಷ್ಟು ಜನಸಾಂದ್ರತೆ, ಇಷ್ಟೂ ಬೇಕಾಯಿತು. ಆ ವರ್ಷ ನಿಮ್ಮ ಊರು ಪಟ್ಟಣಗಳ ಪಟ್ಟಿಯಲ್ಲಿ ಕಾಣದಿದ್ದರೆ ಊರು ಹಾಳಾಯಿತು ಎಂದು ಬರೆಯಬೇಡಿ. ಗ್ರಾಮಗಳ ಪಟ್ಟಿಯಲ್ಲಿ ಹುಡುಕಿ.

ಹಿಂದಕ್ಕೆ ಹೋದಷ್ಟೂ ಎಚ್ಚರ ಹೆಚ್ಚು ಬೇಕು. 1931ರವರೆಗೆ ಗಣತಿ ನಡೆಯುತ್ತಿದ್ದದ್ದು ಒಂದೇ ರಾತ್ರಿಯ ಲೆಕ್ಕಕ್ಕೆ. ಆ ರಾತ್ರಿ ಯಾರು ಎಲ್ಲಿದ್ದರೋ ಅವರು ಅಲ್ಲಿಯ ಲೆಕ್ಕ. ರಾತ್ರಿ ಗೊತ್ತುಮಾಡುತ್ತಿದ್ದದ್ದು ಫೆಬ್ರವರಿ, ಮಾರ್ಚ್‌ನಲ್ಲಿ, ನಮ್ಮಲ್ಲಿ ಜಾತ್ರೆ, ತೇರುಗಳ ಕಾಲ. ಪ್ಲೇಗಿನ ವರ್ಷಗಳಲ್ಲಂತೂ ಜನ ಪೇಟೆ ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಹಾಗಾಗಿ ಒಂದೇ ಗಣತಿಯ ಏರಿಳಿತ ನಂಬದೆ ಹಿಂದಿನ, ಮುಂದಿನ ಎರಡನ್ನೂ ನೋಡುತ್ತೇನೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50,55,412 ಇದ್ದ ಜನ 1881ಕ್ಕೆ 41,86,188ಕ್ಕೆ ಇಳಿದರು. ನಡುವೆ 1876–78ರ ಮಹಾಕ್ಷಾಮ ಬಂದುಹೋಗಿತ್ತು. ಇಡೀ ಸಂಸ್ಥಾನವೇ ನೂರಕ್ಕೆ ಹದಿನೇಳರಷ್ಟು ಕುಗ್ಗಿದಾಗ ಬಯಲುಸೀಮೆಯ ಪೇಟೆಯೊಂದು ಬೆಳೆದಂತೆ ಕಂಡರೆ, ಹಳ್ಳಿಗಳ ಜನ ಅಲ್ಲಿಗೆ ಬಂದು ಸೇರಿದರೇ ಎಂದು ಕೇಳಿಕೊಳ್ಳಲೇಬೇಕು.

ಶಾಸನದ ಕಾಲ ತೆಗೆಯುವುದಕ್ಕೆ ಶಕವರ್ಷಕ್ಕೆ 78 ಸೇರಿಸಿದರೆ ಸಾಲದು, ಸಂವತ್ಸರವೂ ತಾಳೆಯಾಗಬೇಕು. ಶಕ 1258 ಎಂದಿದ್ದರೆ 1336. ಧಾತು ಸಂವತ್ಸರ ಎಂದೂ ಇದ್ದರೆ ಸರಿಹೊಂದುತ್ತದೆ. ಯುವ ಎಂದಿದ್ದರೆ ಒಂದು ವರ್ಷದ ವ್ಯತ್ಯಾಸ: ಕೆತ್ತಿದವರು ಗತವರ್ಷ (ಮುಗಿದ ವರ್ಷಗಳ ಲೆಕ್ಕ) ಹಿಡಿದರೋ ವರ್ತಮಾನವೋ (ನಡೆಯುತ್ತಿರುವ ವರ್ಷವೋ) ನೋಡಬೇಕು. ಪುಷ್ಯ ಬಹುಳದಿಂದ ಫಾಲ್ಗುಣದವರೆಗಿನ ತಿಥಿಯಾದರೆ ಸಾಮಾನ್ಯವಾಗಿ 79 ಸೇರಿಸುತ್ತೇನೆ. ಬಿ.ಎಲ್. ರೈಸರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದೆ, ಅದೂ ಅಂದಿನ ತಾಲ್ಲೂಕುಗಳ ಪ್ರಕಾರ. ಊರು ಸಿಗದಿದ್ದರೆ ಅದು ಹಿಂದೆ ಯಾವ ತಾಲ್ಲೂಕಿಗೆ ಸೇರಿತ್ತೆಂದು ತಿಳಿದು ಅಲ್ಲಿ ನೋಡಿ.

ಗಣತಿ ಸಿಗದ ವರ್ಷಗಳಿಗೆ ಮತದಾರರ ಪಟ್ಟಿ ಇಟ್ಟುಕೊಂಡು ಜನಸಂಖ್ಯೆ ಊಹಿಸುವವರಿದ್ದಾರೆ. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿದದ್ದನ್ನು ಮರೆತರೆ ಊರು ದಿಢೀರನೆ ಉಬ್ಬುತ್ತದೆ. ಶಾಲೆಯ ದಾಖಲಾತಿ ಪುಸ್ತಕ ಇದಕ್ಕಿಂತ ಮೇಲು. ತಂದೆಯ ಕಸುಬು ಬರೆದಿದ್ದರೆ ನೇಕಾರರು, ಗಾಣಿಗರು, ಕುಂಬಾರರು ಯಾವಾಗ ಬಂದರು, ಯಾವಾಗ ಊರು ಬಿಟ್ಟರು ಎಂಬುದು ಅದರಲ್ಲಿ ಸಿಗುತ್ತದೆ.

ಕೊನೆಯ ಪಟ್ಟಿಯಲ್ಲಿ ಐದು ಅಂಕಣ ಇಡುತ್ತೇನೆ: ವರ್ಷ, ವಿಸ್ತೀರ್ಣ, ಮನೆ, ಜನ, ಷರಾ (ಟಿಪ್ಪಣಿ). ಮಜರೆ ಸೇರಿದ್ದು, ಬಿಟ್ಟದ್ದು, ಜಾತ್ರೆ, ಪ್ಲೇಗು ಎಲ್ಲವೂ ಷರಾದಲ್ಲಿ, ಆಯಾ ಸಾಲಿನ ಎದುರಿಗೇ.